ಸಿಒಪಿಡಿ ರಕ್ತದ ಮಿಥೈಲೇಶನ್ ಡೇಟಾ: ಸಾವಿರಾರು ಸೈಟ್ ಬರುತ್ತಿವೆ, ನಂಬಬಹುದಾ?

ಉಸಿರುಗೂಡು:
ನಮಸ್ಕಾರ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇರುವವರು, ಇಲ್ಲದವರು, ಎರಡೂ ಗುಂಪಿನ ರಕ್ತದ ಡಿಎನ್‌ಎಯನ್ನು ಎಪಿಕ್ ಅರೇಯಲ್ಲಿ ಓಡಿಸಿದ್ದೇವೆ. ಡಿಎನ್‌ಎಯ ಲಕ್ಷಾಂತರ ಜಾಗಗಳಲ್ಲಿ (ಸೈಟ್) ಮಿಥೈಲೇಶನ್, ಅಂದರೆ ಅಲ್ಲಿ ಅಂಟಿರುವ ಮಿಥೈಲ್ ಎಂಬ ರಾಸಾಯನಿಕ ಗುರುತು, ಎಷ್ಟಿದೆ ಅಂತ ಅಳೆಯುವ ಚಿಪ್ ಅದು. ಮಿನ್‌ಫೈ ಸಾಫ್ಟ್‌ವೇರಿನಲ್ಲಿ ನಾರ್ಮಲೈಸ್ ಮಾಡಿ, ಗುಂಪುಗಳನ್ನು ಹೋಲಿಸುವ ಲಿಮ್ಮಾದಲ್ಲಿ ವಯಸ್ಸು, ಲಿಂಗ, ಸಿಗರೇಟ್ (ಹೌದು/ಇಲ್ಲ) ಹಾಕಿದೆ. ಸಾವಿರಾರು ಸೈಟ್ ಸಿಗ್ನಿಫಿಕೆಂಟ್ ಬರುತ್ತಿವೆ. ಕ್ಯೂಕ್ಯೂ ಪ್ಲಾಟ್ (ಬಂದ ಪಿ-ವ್ಯಾಲ್ಯೂಗಳನ್ನು ಆಕಸ್ಮಿಕವಾಗಿ ಬರಬೇಕಾದವುಗಳ ಜೊತೆ ಹೋಲಿಸುವ ಚಿತ್ರ) ಶುರುವಿನಲ್ಲೇ ಗೆರೆ ಬಿಟ್ಟು ಮೇಲೆ ಹೋಗಿದೆ. ಪಟ್ಟಿಯ ತುದಿಯಲ್ಲಿ ಎಎಚ್‌ಆರ್‌ಆರ್ ಜೀನಿನ ಸಿಜಿ05575921 ಎಂಬ ಸೈಟ್. ಸಿಗರೇಟನ್ನು ಮಾಡೆಲ್‌ಗೆ ಹಾಕಿದ ಮೇಲೂ ಅದು ಉಳಿದಿದೆ. ಹಾಗಾದರೆ ಕಾಯಿಲೆಯದೇ ಗುರುತು ಅಂತ ಬರೆಯಬಹುದಾ?

ಕೋಶಲೆಕ್ಕ:
ಈಗಲೇ ಬರೆಯಬೇಡಿ. ರಕ್ತದಲ್ಲಿ ಸಿಗರೇಟಿನ ಗುರುತು ಅಂದರೆ ಎಲ್ಲರೂ ಮೊದಲು ನೋಡುವುದೇ ಆ ಸೈಟನ್ನು. ಸೇದದವರಲ್ಲಿ ಅದರ ಬೀಟಾ (ಮಿಥೈಲ್ ಇರುವ ಪಾಲು, 0ಯಿಂದ 1ರವರೆಗೆ) ಸಾಮಾನ್ಯವಾಗಿ 0.8ಕ್ಕಿಂತ ಮೇಲಿರುತ್ತದೆ. ವರ್ಷಾನುಗಟ್ಟಲೆ ಜಾಸ್ತಿ ಸೇದಿದವರಲ್ಲಿ ಚೆನ್ನಾಗಿ ಕೆಳಗಿಳಿದಿರುತ್ತದೆ. ಬಿಟ್ಟ ಮೇಲೆ ಏರುತ್ತದೆ, ಆದರೆ ತುಂಬಾ ನಿಧಾನ.

ನಿಮ್ಮ ತೊಂದರೆ ಆ ಹೌದು/ಇಲ್ಲ ಕಾಲಂನಲ್ಲಿದೆ. ಮೂವತ್ತು ವರ್ಷ ಸೇದಿ ಹೋದ ತಿಂಗಳು ಬಿಟ್ಟವರು ಅಲ್ಲಿ ‘ಇಲ್ಲ’. ಜನ್ಮದಲ್ಲಿ ಸಿಗರೇಟ್ ಮುಟ್ಟದವರೂ ‘ಇಲ್ಲ’. ಸಿಒಪಿಡಿ ಗುಂಪಿನ ‘ಇಲ್ಲ’ಗಳಲ್ಲಿ ಬಿಟ್ಟವರೇ ಜಾಸ್ತಿ ಅಲ್ವಾ? ಇಬ್ಬರ ನಡುವಿನ ವ್ಯತ್ಯಾಸವನ್ನು ಮಾಡೆಲ್ ಕಾಯಿಲೆಯ ಲೆಕ್ಕಕ್ಕೆ ಬರೆದುಬಿಡುತ್ತದೆ. ‘ಇಲ್ಲ’ ಅಂದವರ ಬೀಟಾ ಮಾತ್ರ ತೆಗೆದು ಒಂದು ಹಿಸ್ಟೋಗ್ರಾಂ ಹಾಕಿ ನೋಡಿ. ಆಮೇಲೆ ಪ್ಯಾಕ್-ಇಯರ್ (ದಿನಕ್ಕೆ ಎಷ್ಟು ಪ್ಯಾಕ್ × ಎಷ್ಟು ವರ್ಷ) ಎಷ್ಟು, ಬಿಟ್ಟು ಎಷ್ಟು ವರ್ಷವಾಯಿತು, ಎರಡನ್ನೂ ಸೇರಿಸಿ. ರಕ್ತದ ಕೊಟಿನಿನ್ (ದೇಹದಲ್ಲಿ ನಿಕೋಟಿನ್‌ನಿಂದ ಆಗುವ ವಸ್ತು) ಅಳತೆ ಇದ್ದರೂ ಸಾಲದು, ಅದು ಹೇಳುವುದು ಹಿಂದಿನ ಕೆಲವೇ ದಿನಗಳ ಕಥೆ.

ಇದಕ್ಕಿಂತ ದೊಡ್ಡ ಅನುಮಾನ ನನಗಿರುವುದು ಜೀವಕೋಶಗಳ ಮೇಲೆ. ರಕ್ತದ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್‌ನ ಮಿಥೈಲೇಶನ್ ಬೇರೆ, ಲಿಂಫೋಸೈಟ್‌ನದು ಬೇರೆ. ಸಿಒಪಿಡಿಯಲ್ಲಿ ನ್ಯೂಟ್ರೋಫಿಲ್ ಪಾಲು ಏರಿರುತ್ತದೆ, ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡರೆ ಇನ್ನೂ ಏರುತ್ತದೆ. ಆಗ ಯಾವ ಕೋಶದಲ್ಲೂ ಏನೂ ಬದಲಾಗದೆ, ಬರೀ ಪಾಲು ಬದಲಾಗಿ ಸಾವಿರಾರು ಸೈಟ್ ಹೊರಬೀಳುತ್ತವೆ. 2012ರ ಹೌಸ್‌ಮನ್ ವಿಧಾನದಿಂದ ಕೋಶಗಳ ಪಾಲು ಅಂದಾಜಿಸಿ ಮಾಡೆಲ್‌ಗೆ ಹಾಕಿ. ಮಿನ್‌ಫೈ ಜೊತೆಗೇ ಇದಕ್ಕೆ ಫಂಕ್ಷನ್ ಇದೆ.

ಚಿಪ್‌ಕಾವಲು:
ಇನ್ನೊಂದು ಪ್ರಶ್ನೆ. ಎಪಿಕ್‌ನ ಒಂದು ಚಿಪ್‌ಗೆ 8 ಸ್ಯಾಂಪಲ್. ರೋಗಿಗಳೆಲ್ಲ ಒಂದಷ್ಟು ಚಿಪ್‌ನಲ್ಲಿ, ಆರೋಗ್ಯವಂತರೆಲ್ಲ ಬೇರೆ ಚಿಪ್‌ನಲ್ಲಿ ಇಲ್ಲ ತಾನೆ? ಇದ್ದರೆ ಕಾಂಬ್ಯಾಟ್ (ಚಿಪ್‌ಗಳ ನಡುವಿನ ವ್ಯತ್ಯಾಸ ತೆಗೆಯುವ ವಿಧಾನ) ಹಾಕಿಯೂ ಪ್ರಯೋಜನವಿಲ್ಲ, ಮತ್ತೆ ಓಡಿಸಲೇಬೇಕು.

ಉಸಿರುಗೂಡು:
ಚಿಪ್‌ಗಳಲ್ಲಿ ಎರಡೂ ಗುಂಪು ಬೆರೆತಿವೆ. ಹಿಸ್ಟೋಗ್ರಾಂನಲ್ಲಿ ಎರಡು ಗುಡ್ಡ ಸ್ಪಷ್ಟವಾಗಿ ಕಂಡವು. ಕೋಶಗಳ ಪಾಲು ಹಾಕಿದ ಕೂಡಲೇ ಕ್ಯೂಕ್ಯೂ ಪ್ಲಾಟ್ ಗೆರೆಗೆ ಬಂದು ಕೂತಿತು. ಪ್ಯಾಕ್-ಇಯರ್ ಸೇರಿಸಿದ ಮೇಲೆ ಎಎಚ್‌ಆರ್‌ಆರ್ ಪಟ್ಟಿಯಿಂದ ಹೊರಗೆ. ಉಳಿದಿರುವುದು ಬೆರಳೆಣಿಕೆಯಷ್ಟು ಸೈಟ್. ನಮ್ಮ ಗೈಡ್ ಮಾತ್ರ ‘ಇವುಗಳನ್ನು ಔಷಧಿಯಿಂದ ಸರಿಪಡಿಸಬಹುದು, ಅಜಾಸೈಟಿಡಿನ್ ತರಹದ್ದು’ ಅಂತ ಒಂದು ಪ್ಯಾರಾ ಸೇರಿಸಲು ಹೇಳುತ್ತಿದ್ದಾರೆ. ಸೇರಿಸಲಾ?

ಕೋಶಲೆಕ್ಕ:
ಆ ಪ್ಯಾರಾ ಬೇಡ. ಅಜಾಸೈಟಿಡಿನ್‌ಗೆ ‘ಈ ಸೈಟ್ ಮಾತ್ರ ಮುಟ್ಟು’ ಅಂತ ಹೇಳಲು ಆಗುವುದಿಲ್ಲ. ವಿಭಜನೆಯಾಗುವ ಕೋಶ ಎಲ್ಲಿದ್ದರೂ ಅಲ್ಲಿ ಮಿಥೈಲ್ ಹಚ್ಚುವ ಕಿಣ್ವವನ್ನೇ ತಡೆಯುತ್ತದೆ, ರಕ್ತಕಣ ಇಳಿಸುತ್ತದೆ. ಎಂಡಿಎಸ್‌ನಂಥ ಮಜ್ಜೆಯ ಕಾಯಿಲೆಯಲ್ಲಿ ಆ ಅಪಾಯಕ್ಕೆ ಅರ್ಥವಿದೆ. ಹತ್ತಾರು ವರ್ಷ ಕಾಡುವ ಸಿಒಪಿಡಿಯಲ್ಲಿ ಇಲ್ಲ.

ಚಿಕಿತ್ಸೆಯ ಮಾತು ಬೇಕೇ ಬೇಕು ಅಂದರೆ ಎಚ್‌ಡಿಎಸಿ2 ಎಂಬ ಕಿಣ್ವದ ಬಗ್ಗೆ ಬರೆಯಿರಿ. ಉರಿಯೂತದ ಜೀನ್‌ಗಳನ್ನು ಸ್ಟೆರಾಯ್ಡ್ ಆಫ್ ಮಾಡಬೇಕಾದರೆ ಹಿಸ್ಟೋನ್ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್) ಮೇಲಿನ ಅಸಿಟೈಲ್ ಗುರುತು ತೆಗೆಯಬೇಕು. ತೆಗೆಯುವುದು ಈ ಕಿಣ್ವ. ಸಿಒಪಿಡಿ ಜೋರಾದಷ್ಟೂ ಶ್ವಾಸಕೋಶದಲ್ಲಿ ಈ ಕೆಲಸ ಕಡಿಮೆಯಾಗುತ್ತದೆ ಅಂತ 2005ರಲ್ಲೇ ತೋರಿಸಿದ್ದಾರೆ. ಇನ್‌ಹೇಲರ್ ಸ್ಟೆರಾಯ್ಡ್ ಅಸ್ತಮಾದಲ್ಲಿ ಹಿಡಿದಷ್ಟು ಇಲ್ಲಿ ಹಿಡಿಯದಿರಲು ಇದೂ ಒಂದು ಕಾರಣ ಅನ್ನುತ್ತಾರೆ. ಕಡಿಮೆ ಡೋಸ್ ಥಿಯೋಫಿಲಿನ್ (ಉಬ್ಬಸದ ಹಳೆಯ ಔಷಧಿ) ಕೊಟ್ಟರೆ ಆ ಕಿಣ್ವ ಚುರುಕಾಗುವುದು ಲ್ಯಾಬಿನಲ್ಲಿ ಕಂಡಿತು. ಎಲ್ಲರಿಗೂ ಆಸೆ ಹುಟ್ಟಿತು. ಆದರೆ ಬ್ರಿಟನ್‌ನಲ್ಲಿ 1,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಟ್ವಿಕ್ಸ್ ಟ್ರಯಲ್ 2018ರಲ್ಲಿ ಪ್ರಕಟವಾಯಿತು. ಇನ್‌ಹೇಲರ್ ಸ್ಟೆರಾಯ್ಡ್ ಜೊತೆ ಒಂದು ವರ್ಷ ಥಿಯೋಫಿಲಿನ್ ಕೊಟ್ಟರೂ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಗಲಿಲ್ಲ. ಪಾಪ, ರೋಗಿಗಳು ಕಾಯುತ್ತಿದ್ದಾರೆ. ಅದಕ್ಕೇ ಸುಮ್ನೆ ಭರವಸೆ ಬರೆಯಬಾರದು ಅನ್ನೋದು ನನ್ನ ಹಠ.

ಉಳಿದ ಸೈಟ್‌ಗಳನ್ನು ಶ್ವಾಸನಾಳದ ಬ್ರಶಿಂಗ್ ಕೋಶಗಳಲ್ಲಿ (ಒಳಗೋಡೆಯಿಂದ ಬ್ರಶ್‌ನಲ್ಲಿ ತೆಗೆದವು), ಬೇರೆ ಜನರಲ್ಲಿ ಪೈರೋಸೀಕ್ವೆನ್ಸಿಂಗ್ (ಆಯ್ದ ಸೈಟ್‌ಗಳ ಮಿಥೈಲೇಶನ್ ಅಳೆಯುವ ವಿಧಾನ) ಮಾಡಿ ನೋಡಿ. ಬೈಸಲ್ಫೈಟ್ ಪರಿವರ್ತನೆ (ಮಿಥೈಲ್ ಇಲ್ಲದ ಸೈಟೋಸಿನ್‌ಗಳನ್ನು ಮಾತ್ರ ಬದಲಿಸುವ ಹಂತ) ಪೂರ್ತಿಯಾಗಿದೆಯಾ ಅಂತ ಕಂಟ್ರೋಲ್ ಇಡುವುದನ್ನು ಮರೆಯಬೇಡಿ. ಪರಿವರ್ತನೆ ಅರ್ಧಂಬರ್ಧ ಆದರೆ ಮಿಥೈಲೇಶನ್ ಜಾಸ್ತಿ ಇದ್ದಂತೆ ಕಾಣುತ್ತದೆ.

ಉಸಿರುಗೂಡು:
ಪ್ಯಾರಾ ಬಿಡುತ್ತೇನೆ. ಗೈಡ್‌ಗೆ ಎರಡೂ ಕ್ಯೂಕ್ಯೂ ಪ್ಲಾಟ್ ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಬ್ರಶಿಂಗ್ ಸ್ಯಾಂಪಲ್‌ಗೆ ಎಥಿಕ್ಸ್ ಅನುಮತಿ ಕೇಳಬೇಕು, ಅರ್ಜಿ ಬರೆಯಲು ಶುರು ಮಾಡಿದ್ದೇನೆ. ಇಬ್ಬರಿಗೂ ಥ್ಯಾಂಕ್ಸ್.