8086 ಅಸೆಂಬ್ಲಿಯಲ್ಲಿ 1ರಿಂದ 6ರೊಳಗೆ ರ‍್ಯಾಂಡಮ್ ಸಂಖ್ಯೆ: ಹತ್ತು ಸಲ ಎಸೆದರೂ ಒಂದೇ ಗರ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಲ್ಯಾಬಿನ ಮಿನಿ ಪ್ರಾಜೆಕ್ಟ್‌ಗೆ ಹಾವು ಏಣಿ ಆಟ ಬರೆಯುತ್ತಿದ್ದೇನೆ. ಪ್ರೊಸೆಸರ್ ಇಂಟೆಲ್‌ನ ಹಳೆಯ 16 ಬಿಟ್ 8086, ಅಸೆಂಬ್ಲರ್ ಮಾಸ್ಮ್, ಓಡಿಸುವುದು ಹಳೆಯ ಡಾಸ್ ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ. ದಾಳಕ್ಕೆ 1ರಿಂದ 6 ಬೇಕು. ಎಎಚ್ ರಿಜಿಸ್ಟರ್‌ನಲ್ಲಿ (ರಿಜಿಸ್ಟರ್ ಅಂದರೆ ಪ್ರೊಸೆಸರ್ ಒಳಗಿನ ಚಿಕ್ಕ ಸಂಗ್ರಹ) 0 ಇಟ್ಟು, ಗಡಿಯಾರ ಓದುವ ಬಯಾಸ್ ಸೇವೆ ಇಂಟ್ 1ಎ ಕರೆಯುತ್ತೇನೆ. ಡಿಎಕ್ಸ್‌ನಲ್ಲಿ ಬರುವ ಟಿಕ್ ಎಣಿಕೆಯನ್ನು ಎಎಕ್ಸ್‌ಗೆ ಹಾಕಿ 6ರಿಂದ ಡಿವ್ (ಭಾಗಾಕಾರ) ಮಾಡಿ, ಶೇಷಕ್ಕೆ 1 ಕೂಡಿಸುತ್ತೇನೆ. ಮೊದಲು ಡಿವೈಡ್ ಓವರ್‌ಫ್ಲೋ (ಭಾಗಲಬ್ಧ ರಿಜಿಸ್ಟರ್‌ನಲ್ಲಿ ಹಿಡಿಸದ ದೋಷ) ಬರುತ್ತಿತ್ತು. ಡಿವ್‌ಗೆ ಮುಂಚೆ ಡಿಎಕ್ಸ್ ಸೊನ್ನೆ ಮಾಡಿದ ಮೇಲೆ ಅದು ಹೋಯಿತು. ಈಗ ಲೂಪಿನಲ್ಲಿ ಹತ್ತು ಸಲ ಎಸೆದರೆ ಹತ್ತೂ 4. ಮತ್ತೆ ಓಡಿಸಿದರೆ ಹತ್ತೂ 2. ಯಾಕೆ ಹೀಗೆ?

ಉತ್ತರ 1

ಆ ಟಿಕ್ ಸೆಕೆಂಡಿಗೆ ಸುಮಾರು 18.2 ಸಲ ಮಾತ್ರ ಬದಲಾಗುತ್ತದೆ. ಅಂದರೆ 55 ಮಿಲಿಸೆಕೆಂಡಿಗೆ ಒಂದು ಸಲ. ನಿಮ್ಮ ಲೂಪ್ ಅಷ್ಟರೊಳಗೆ ಮುಗಿದೇ ಹೋಗಿರುತ್ತದೆ. ಗಡಿಯಾರವನ್ನು ಶುರುವಿನಲ್ಲಿ ಒಮ್ಮೆ ಮಾತ್ರ ಓದಿ, ಸೀಡ್ (ಶುರುವಿನ ಸಂಖ್ಯೆ) ಅಂತ ಇಟ್ಟುಕೊಳ್ಳಿ. ಆಮೇಲೆ ಪ್ರತಿ ಸಲ ಸೀಡನ್ನು 25173ರಿಂದ ಗುಣಿಸಿ, 13849 ಕೂಡಿಸಿ, ಕೆಳಗಿನ 16 ಬಿಟ್ ಇಟ್ಟುಕೊಳ್ಳಿ. ಅದೇ ಹೊಸ ಸೀಡ್, ಅದನ್ನು ಮೊದಲಿನಂತೆ 6ರಿಂದ ಡಿವ್ ಮಾಡಿ. 65536 ಹೆಜ್ಜೆ ಆಗುವವರೆಗೂ ಯಾವ ಸೀಡೂ ಮರುಕಳಿಸುವುದಿಲ್ಲ.

ಪ್ರಶ್ನೆ ಕೇಳಿದವರು

ಥ್ಯಾಂಕ್ಸ್ ಸರ್, ಈಗ ಬೇರೆ ಬೇರೆ ಬರುತ್ತಿದೆ. ಆದರೆ ಒಂದು ವಿಷಯ ಕಾಡುತ್ತಿದೆ. ಪರೀಕ್ಷೆಗೆ ಅಂತ ಸೀಡ್ 1 ಕೊಟ್ಟೆ. ಬಂದದ್ದು 5, 2, 1, 6, 1, 2. ಬೆಸ, ಸಮ, ಬೆಸ, ಸಮ. ಎಷ್ಟು ಹೊತ್ತು ಓಡಿಸಿದರೂ ಹೀಗೇ. ಇದು ಸರೀನಾ?

ಉತ್ತರ 2

ಸರಿಯಲ್ಲ. ನೀವು ಗಮನಿಸಿದ್ದು ತುಂಬಾ ಒಳ್ಳೆಯದಾಯಿತು. ಇಬ್ಬರು ಆಡುವ ಆಟ ಅಲ್ವಾ? ಒಬ್ಬರಾದ ಮೇಲೆ ಒಬ್ಬರು ಎಸೆದರೆ ಮೊದಲನೆಯವರಿಗೆ ಕೊನೆತನಕ ಬರೀ ಬೆಸ, ಎರಡನೆಯವರಿಗೆ ಬರೀ ಸಮ. ಒಬ್ಬರಿಗೆ ಆರು ಬೀಳುವುದೇ ಇಲ್ಲ. ಆರು ಬಿದ್ದ ಮೇಲೆಯೇ ಕಾಯಿ ಇಳಿಸುವ ನಿಯಮ ಇಟ್ಟಿದ್ದರೆ ಅವರ ಕಾಯಿ ಮನೆ ಬಿಟ್ಟು ಹೊರಡುವುದೇ ಇಲ್ಲ.

ಕಾರಣ ನೋಡಿ. 25173 ಬೆಸ, 13849 ಕೂಡ ಬೆಸ. ಬೆಸ ಸೀಡನ್ನು ಬೆಸದಿಂದ ಗುಣಿಸಿದರೆ ಬೆಸ. ಅದಕ್ಕೆ ಬೆಸ ಕೂಡಿಸಿದರೆ ಸಮ. ಮುಂದಿನ ಸಲ ಇದರ ಉಲ್ಟಾ. ಹಾಗಾಗಿ ಕೊನೆಯ ಬಿಟ್ ಸುಮ್ನೆ 0, 1, 0, 1 ಅಂತ ಕುಣಿಯುತ್ತಿರುತ್ತದೆ. ಅದರ ಪಕ್ಕದ ಬಿಟ್ ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ, ಅದರ ಮೇಲಿನದು ಎಂಟಕ್ಕೊಮ್ಮೆ. ಪೂರಾ 65536 ಹೆಜ್ಜೆಯ ಸುತ್ತು ಇರುವುದು ಎಲ್ಲಕ್ಕಿಂತ ಮೇಲಿನ ಬಿಟ್‌ಗೆ ಮಾತ್ರ. 6 ಸಮ ಸಂಖ್ಯೆ ಆದ್ದರಿಂದ ಅದರಿಂದ ಭಾಗಿಸಿದಾಗ ಆ ಕೆಟ್ಟ ಕೊನೆಯ ಬಿಟ್ ಹಾಗೇ ಶೇಷಕ್ಕೆ ಬಂದು ಕೂರುತ್ತದೆ.

ಡಿವ್ ಬಿಟ್ಟುಬಿಡಿ. ಸೀಡನ್ನು 6ರಿಂದ ಗುಣಿಸಿ (ಮಲ್), 32 ಬಿಟ್ ಗುಣಲಬ್ಧದ ಮೇಲಿನ ಅರ್ಧ ತೆಗೆದುಕೊಳ್ಳಿ, ಅದು ಡಿಎಕ್ಸ್‌ಗೆ ಬರುತ್ತದೆ. ಕೊನೆಯ ಇಂಕ್ ಅದಕ್ಕೆ 1 ಕೂಡಿಸುತ್ತದೆ:

ಮೂವ್ ಎಎಕ್ಸ್, 25173
ಮಲ್ ಸೀಡ್
ಆಡ್ ಎಎಕ್ಸ್, 13849
ಮೂವ್ ಸೀಡ್, ಎಎಕ್ಸ್
ಮೂವ್ ಬಿಎಕ್ಸ್, 6
ಮಲ್ ಬಿಎಕ್ಸ್
ಇಂಕ್ ಡಿಎಕ್ಸ್

ಎರಡನೇ ಮಲ್ ಆದ ಮೇಲೆ ಡಿಎಕ್ಸ್‌ನಲ್ಲಿ 0ರಿಂದ 5ರೊಳಗಿನ ಸಂಖ್ಯೆ ಇರುತ್ತದೆ. 65536ನ್ನು ಸಾಲಾಗಿ ಆರು ತುಂಡು ಮಾಡಿ, ಸೀಡ್ ಎಷ್ಟನೇ ತುಂಡಿನಲ್ಲಿ ಬಿತ್ತು ಅಂತ ಕೇಳಿದ ಹಾಗೆ. ಓವರ್‌ಫ್ಲೋ ಭಯವೂ ಇಲ್ಲ. 8086ನಲ್ಲಿ 16 ಬಿಟ್ ಡಿವ್‌ಗೆ 144ರಿಂದ 162 ಕ್ಲಾಕ್ (ಪ್ರೊಸೆಸರ್‌ನ ಬಡಿತ) ಬೇಕು, ಮಲ್‌ಗೆ 118ರಿಂದ 133 ಸಾಕು. ಸೀಡ್ 1 ಕೊಟ್ಟು ನೋಡಿ: 4, 6, 2, 5, 1, 2 ಬರಬೇಕು. ಮೊದಲ ಮೂರೂ ಸಮ. ನಿಜವಾದ ದಾಳದಲ್ಲೂ ಹಾಗೆ ಬೀಳುತ್ತದೆ. ಎಎಕ್ಸ್, ಬಿಎಕ್ಸ್, ಡಿಎಕ್ಸ್ ಮೂರೂ ಬದಲಾಗುತ್ತವೆ, ಬೇಕಿದ್ದರೆ ಮೊದಲೇ ಪುಷ್ ಮಾಡಿ ಸ್ಟ್ಯಾಕ್‌ನಲ್ಲಿ ಉಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಹೌದು ಸರ್, ಅದೇ ಬಂತು! 10ರಿಂದ 50ರವರೆಗೆ ಬೇಕಾದರೆ?

ಉತ್ತರ 2

ದೊಡ್ಡದರಿಂದ ಚಿಕ್ಕದು ಕಳೆದು 1 ಕೂಡಿಸಿ. ಇಲ್ಲಿ 41. ಬಿಎಕ್ಸ್‌ಗೆ ಅದನ್ನು ಹಾಕಿ, ಕೊನೆಗೆ ಇಂಕ್ ಬದಲು ಡಿಎಕ್ಸ್‌ಗೆ 10 ಕೂಡಿಸಿ. ಆ 1 ಮರೆತರೆ 50 ಯಾವತ್ತೂ ಬರುವುದಿಲ್ಲ. 0ರಿಂದ 65535ರವರೆಗೆ ಬೇಕಾದರೆ ಮಾತ್ರ ಹೀಗೆ ಮಾಡಬೇಡಿ. ಎಣಿಕೆ 65536 ಆಗುತ್ತದೆ, 16 ಬಿಟ್‌ನಲ್ಲಿ ಅದು ಸೊನ್ನೆ. ಸೀಡನ್ನೇ ನೇರವಾಗಿ ಬಳಸಿ.

ಉತ್ತರ 3

ಒಂದು ಸೇರಿಸುತ್ತೇನೆ. 65536 ಆರರಿಂದ ಸರಿಯಾಗಿ ಭಾಗವಾಗುವುದಿಲ್ಲ. ಪೂರಾ ಸುತ್ತಿನಲ್ಲಿ ನಾಲ್ಕು ಮುಖ 10923 ಸಲ ಬೀಳುತ್ತವೆ, ಎರಡು ಮುಖ 10922 ಸಲ. ದಾಳಕ್ಕೆ ಇದು ಲೆಕ್ಕಕ್ಕೇ ಇಲ್ಲ. ಆದರೆ 50000 ಸಂಖ್ಯೆಗಳ ವ್ಯಾಪ್ತಿ ಬೇಕಾದರೆ ಕೆಲವು ಸಂಖ್ಯೆ ಬೇರೆಯವಕ್ಕಿಂತ ಎರಡು ಪಟ್ಟು ಜಾಸ್ತಿ ಬರುತ್ತವೆ, ಮಲ್ ಮಾಡಿದರೂ ಅಷ್ಟೇ. ಆಗ 32 ಬಿಟ್ ಸೀಡ್ ಇಟ್ಟುಕೊಳ್ಳಿ. ಪಾಸ್‌ವರ್ಡ್, ಕೀ ಇಂಥದ್ದಕ್ಕೆ ಈ ವಿಧಾನ ಬೇಡವೇ ಬೇಡ. ಒಂದು ಸೀಡ್ ಗೊತ್ತಾದರೆ ಮುಂದಿನದೆಲ್ಲ ಗೊತ್ತಾದಂತೆ. ಇಂಟೆಲ್‌ನಲ್ಲಿ 2012ರ ಐವಿ ಬ್ರಿಡ್ಜ್ ಪ್ರೊಸೆಸರ್‌ಗಳಿಂದ ಆರ್‌ಡಿರ‍್ಯಾಂಡ್ ಅನ್ನುವ, ರ‍್ಯಾಂಡಮ್ ಸಂಖ್ಯೆ ಕೊಡುವ ಇನ್‌ಸ್ಟ್ರಕ್ಷನ್ ಇದೆ. ಅದನ್ನು ಬಳಸಿದ ಮೇಲೆ ಕ್ಯಾರಿ ಫ್ಲ್ಯಾಗ್ (ಪ್ರೊಸೆಸರ್‌ನ ಒಂದು ಬಿಟ್‌ನ ಸೂಚಕ) 1 ಇದೆಯಾ ನೋಡಿ. 0 ಇದ್ದರೆ ಸಂಖ್ಯೆ ಸಿಕ್ಕಿಲ್ಲ ಅಂತ ಅರ್ಥ, ಮತ್ತೆ ಕೇಳಬೇಕು.