ಮೊದಲ ಬಾರಿಗೆ ಆಸ್ತಿ ಕೊಳ್ಳುವುದು: ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದವರ ಅನುಭವ

ಪ್ರಶ್ನೆ, ಕೊಪ್ಪಳದಿಂದ:
ನಾನು ಪ್ರೌಢಶಾಲಾ ಶಿಕ್ಷಕಿ. ಉಳಿತಾಯ ಮತ್ತು ತವರಿನ ಪಾಲು ಸೇರಿ ಕೈಯಲ್ಲಿ 18 ಲಕ್ಷ ರೂಪಾಯಿ ಇದೆ. ಗಿಣಿಗೇರಾ ಸಮೀಪ 30×40 ಅಡಿ ಅಳತೆಯ ಎನ್.ಎ. (ಕೃಷಿಯೇತರ) ಪ್ಲಾಟ್, ಸಿಂಧನೂರು ತಾಲ್ಲೂಕಿನಲ್ಲಿ ಕಾಲುವೆಯ ಕೊನೆ ಭಾಗದ ಒಂದೂವರೆ ಎಕರೆ ಹೊಲ, ಬಳ್ಳಾರಿಯಲ್ಲಿ ಬಾಡಿಗೆದಾರರಿರುವ ಒಂದು ಹಳೆಯ ಮನೆ, ಈ ಮೂರನ್ನು ನೋಡಿದ್ದೇವೆ. ಚಿನ್ನ ಮತ್ತು ಠೇವಣಿ ಬಿಟ್ಟು ಬೇರೇನನ್ನೂ ಕೊಂಡವಳಲ್ಲ. ಅನುಭವವಿರುವವರು, ಅದರಲ್ಲೂ ಕೈ ಸುಟ್ಟುಕೊಂಡವರು, ದಯವಿಟ್ಟು ತಿಳಿಸಬೇಕು.

ಬಳ್ಳಾರಿಯಿಂದ, ನಿವೃತ್ತ ಬ್ಯಾಂಕ್ ನೌಕರ:
ಮೇಡಂ, 18 ಲಕ್ಷವಿದೆಯೆಂದು 18 ಲಕ್ಷದ ಆಸ್ತಿ ನೋಡಬೇಡಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ ಎಲ್ಲ ಸೇರಿ ನೂರಕ್ಕೆ ಏಳೂವರೆಗಿಂತ ತುಸು ಹೆಚ್ಚೇ ಆಗುವುದರಿಂದ, ವಕೀಲರ ಮತ್ತು ಸರ್ವೆಯ ಖರ್ಚನ್ನೂ ಕಳೆದರೆ ನಿಮಗೆ ನಿಲುಕುವುದು ಹದಿನಾರೂವರೆ ಲಕ್ಷದ ಆಸ್ತಿ. ಅಷ್ಟು ಬೆಲೆಯ ಮನೆಗೆ ತಿಂಗಳಿಗೆ 6,000 ಬಾಡಿಗೆ ಬಂದರೆ ವರ್ಷಕ್ಕೆ 72,000. ಆಸ್ತಿ ತೆರಿಗೆ, ಸುಣ್ಣಬಣ್ಣ, ಮನೆ ಖಾಲಿ ಬೀಳುವ ತಿಂಗಳು ಕಳೆದು 60,000 ಉಳಿದರೆ ಅದು ಶೇ 4ನ್ನೂ ಮುಟ್ಟುವುದಿಲ್ಲ. ಗೋಡೆಗೆ ವಯಸ್ಸಾಗುತ್ತದೆ, ಬೆಲೆ ಏರುವುದು ಅದರ ಕೆಳಗಿನ ನೆಲಕ್ಕೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. 2010ರಲ್ಲಿ, ಊರಿನಲ್ಲಿ ಗಣಿ ದುಡ್ಡು ಹರಿದಾಡುತ್ತಿದ್ದಾಗ, ತೋರಣಗಲ್ಲು ರಸ್ತೆಯ ಲೇಔಟ್ ಒಂದರಲ್ಲಿ ಸಾಲ ಮಾಡಿ ಎರಡು ಪ್ಲಾಟ್ ಕೊಂಡೆ. ವರ್ಷದೊಳಗೆ ಒಂದನ್ನು ಮಾರಿ ಸಾಲ ತೀರಿಸುವುದು ಲೆಕ್ಕಾಚಾರವಾಗಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಬೆಲೆ ಇಳಿದಿದ್ದರೆ ನಷ್ಟಕ್ಕಾದರೂ ಮಾರುತ್ತಿದ್ದೆ, ಆದರೆ ಬೆಲೆ ಕೇಳುವವರೇ ಇರಲಿಲ್ಲ. ಆರು ವರ್ಷ ಸಂಬಳದಿಂದ ಕಂತು ಕಟ್ಟಿದ ಮೇಲೆ ಒಮ್ಮೆ ನೋಡಿಬರಲು ಹೋದರೆ ಲೇಔಟ್ ತುಂಬ ಜಾಲಿ ಬೆಳೆದು ಗಡಿಕಲ್ಲುಗಳು ಮುಚ್ಚಿಹೋಗಿದ್ದವು (ಆ ಗಿಡಕ್ಕೆ ನಮ್ಮೂರಿನ ಹೆಸರೇ ಇದೆ, ದೂರುವುದು ಯಾರನ್ನು?), ನನ್ನ ಪ್ಲಾಟ್ ಯಾವುದೆಂದು ತಿಳಿಯಲು ಸರ್ವೆಯವರನ್ನು ಕರೆಸಬೇಕಾಯಿತು. ಇಂಥ ದಿನದೊಳಗೆ ಮಾರಿಯೇ ತೀರಬೇಕೆಂಬ ಒತ್ತಡವಿರುವ ಹಣವನ್ನು ನೆಲಕ್ಕೆ ಹಾಕಬೇಡಿ.

ಸಿಂಧನೂರಿನಿಂದ, ರೈತ:
ಅಕ್ಕಾವ್ರೇ, ಹೊಲದ ಪಕ್ಕದಲ್ಲಿ ಕಾಲುವೆ ಇದೆ ಎಂಬ ಮಾತಿಗೆ ಬೆಲೆ ಕೊಡಬೇಡಿ. ತುಂಗಭದ್ರಾ ಎಡದಂಡೆಯ ಕೊನೆ ಭಾಗದಲ್ಲಿ ಕಾಲುವೆ ಇರುತ್ತದೆ, ನೀರು ಇರುವುದಿಲ್ಲ. ಮೇಲ್ಭಾಗದವರು ಭತ್ತ ನಾಟಿ ಮಾಡಿ ಮುಗಿಸಿದ ಮೇಲೆ ಉಳಿದದ್ದು ನಮಗೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ, ತುಂಬಿದ್ದ ಜಲಾಶಯದ ನೀರು ಕಣ್ಣೆದುರೇ ಹರಿದುಹೋಗುವಾಗ, ಈ ಭಾಗದಲ್ಲಿ ಹೊಲದ ಮಾತುಕತೆ ನಡೆಸುತ್ತಿದ್ದವರೆಲ್ಲ ಸುಮ್ಮನಾದರು. ಹಾಗಾಗಿ ಹೊಲ ನೋಡಲು ಆಗಸ್ಟ್‌ನಲ್ಲಿ ಬರದೆ ಮಾರ್ಚ್‌ನಲ್ಲಿ ಬನ್ನಿ. ಆಗ ಉಪಕಾಲುವೆಯ ತಳ ಹಸಿ ಇದೆಯೋ ಬಿರುಕು ಬಿಟ್ಟಿದೆಯೋ ನೋಡಿ. ಬದುವಿನ ಪಕ್ಕದ ತಗ್ಗಿನಲ್ಲಿ ಮಣ್ಣಿನ ಮೇಲೆ ಬಿಳಿ ಪುಡಿ ಎದ್ದಿದ್ದರೆ ಅದು ಸವಳು, ಅಂದರೆ ಉಪ್ಪಿನಂಶದ ಮಣ್ಣು. ಅಂಥ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಕೇಳುವವರು ಕೊಡುವ ಚೀಲಗಳ ಲೆಕ್ಕ ಅರ್ಧಕ್ಕಿಳಿಯುತ್ತದೆ. ಮಾರುವವರನ್ನು ಬಿಟ್ಟು ಪಕ್ಕದ ಹೊಲದವರನ್ನು ಕೇಳಿ. ಹೊಲಕ್ಕೆ ಹೋಗುವ ಬಂಡಿದಾರಿ ನಕ್ಷೆಯಲ್ಲಿದೆಯೋ ಅಥವಾ ಬೇರೆಯವರ ದಯೆಯಿಂದ ನಡೆಯುತ್ತಿದೆಯೋ ಎಂಬುದನ್ನೂ ಅವರೇ ಹೇಳುತ್ತಾರೆ.

ರಾಯಚೂರಿನಿಂದ, ಪತ್ರ ಬರಹಗಾರ:
ಉಪನೋಂದಣಾಧಿಕಾರಿ ಕಚೇರಿಯ ಮುಂದೆ ಇಪ್ಪತ್ತೆರಡು ವರ್ಷ ಖರೀದಿ ಪತ್ರ ಬರೆದವನಾಗಿ ಕಾಗದಗಳ ಬಗ್ಗೆ ಮಾತ್ರ ಹೇಳುತ್ತೇನೆ. ಕನಿಷ್ಠ 30 ವರ್ಷದ ಋಣಭಾರ ಪತ್ರ (ಇ.ಸಿ., ಆಸ್ತಿಯ ಮೇಲಿನ ನೋಂದಾಯಿತ ಸಾಲ, ಮಾರಾಟಗಳ ವಿವರ) ತೆಗೆಸಿ. 2004ರ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಕಚೇರಿಗೆ ಅರ್ಜಿ ಹಾಕಬೇಕು. ಹೊಲವಾದರೆ ಪಹಣಿಯ 11ನೇ ಕಲಮನ್ನು ತಪ್ಪದೆ ಓದಿ. ಬೆಳೆಸಾಲದ ಬೋಜಾ (ಹೊರೆ) ಇರುವುದು ಅಲ್ಲಿ. ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದದ್ದಾಗಿದ್ದರೆ, 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ಅದನ್ನು ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಪಿತ್ರಾರ್ಜಿತ ಆಸ್ತಿಯಾದರೆ ಕೊಟ್ಟ ಹೆಣ್ಣುಮಕ್ಕಳ ಸಹಿ ಇರಲೇಬೇಕು. ತವರಿನ ಪಾಲು ಪಡೆದಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗಿಣಿಗೇರಾ ಪ್ಲಾಟ್. ಎನ್.ಎ. ಆದೇಶ ಬೇರೆ, ಲೇಔಟ್ ನಕ್ಷೆಯ ಅನುಮೋದನೆ ಬೇರೆ; ಏಜೆಂಟರು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮರೆಸುತ್ತಾರೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದ್ದರಿಂದ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11ಎ ಕೇಳಿ. 11ಬಿ ಕೊಟ್ಟರೆ ಅದು ಅನುಮೋದನೆ ಇಲ್ಲದ ಆಸ್ತಿ ಎಂದು ತಿಳಿಯಿರಿ. ಅನುಮೋದಿತ ನಕ್ಷೆಯ ಪ್ರತಿಯನ್ನು ಅನುಮೋದಿಸಿದ ಕಚೇರಿಯಿಂದಲೇ ಪಡೆದು, ಅದನ್ನು ಕೈಯಲ್ಲಿ ಹಿಡಿದು ಜಾಗದ ಮೇಲೆ ನಿಲ್ಲಿ. ಊರಿಗೆಲ್ಲ ಪತ್ರ ಬರೆಯುವ ನಾನೇ ನನ್ನ ತಮ್ಮನಿಗೆ ಕೊಡಿಸಿದ ಪ್ಲಾಟ್, ಅಸಲು ನಕ್ಷೆಯಲ್ಲಿ ಉದ್ಯಾನವನದ ಜಾಗವಾಗಿತ್ತು. ಲೇಔಟಿನವರು ನಮಗೆ ತೋರಿಸಿದ್ದ ಜೆರಾಕ್ಸ್‌ನಲ್ಲಿ ಆ ಮೂಲೆಗೆ ಪ್ಲಾಟ್ ನಂಬರ್ ಬರೆದಿತ್ತು.

ಗಂಗಾವತಿಯಿಂದ, ಗೃಹಿಣಿ:
‘ರೈಲು ಬರುತ್ತದೆ’ ಎಂದು ಮಾರುವವರ ಬಗ್ಗೆ ಒಂದು ಮಾತು. ಗಿಣಿಗೇರಾ–ಮೆಹಬೂಬ್‌ನಗರ ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ, ರೈಲು ಸಿಂಧನೂರು ಮುಟ್ಟಿದ್ದು 2024ರಲ್ಲಿ. ನನ್ನ ಮಾವನವರು ಆ ರೈಲನ್ನು ನಂಬಿ ಕೊಂಡ ಜಾಗವನ್ನು ಮೊಮ್ಮಗನ ಮದುವೆಗೆ ಮಾರಿದೆವು. ಮತ್ತೊಂದು, ಸಂಚಕಾರವನ್ನು (ಮುಂಗಡ ಹಣವನ್ನು) ನಗದಾಗಿ ಕೊಡಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ವಂದನೆಗಳು. ಪ್ಲಾಟಿನವರಿಗೆ 11ಎ ಕೇಳಿದಾಗ ‘ನೋಂದಣಿಯ ದಿನ ತರುತ್ತೇವೆ’ ಎಂದರು. ಅದನ್ನು ಅಲ್ಲಿಗೇ ಬಿಟ್ಟಿದ್ದೇನೆ. ಹೊಲದವರು ಮಾರ್ಚ್‌ವರೆಗೆ ಕಾಯಲು ಸಿದ್ಧರಿಲ್ಲ, ಅದರಿಂದಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಬಳ್ಳಾರಿಯ ಮನೆಯ ಋಣಭಾರ ಪತ್ರಕ್ಕೆ ಅರ್ಜಿ ಹಾಕಿದ್ದೇನೆ. ಆದರೆ ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದ, 1949ರ ಮೂಲಪತ್ರ ತೆಲುಗಿನಲ್ಲಿದ್ದು, ಅಳತೆ ಸೆಂಟ್ಸ್‌ನಲ್ಲಿದೆ. ಅದನ್ನು ಓದಿ ಹೇಳಬಲ್ಲವರು ಬಳ್ಳಾರಿಯಲ್ಲಿ ಯಾರಾದರೂ ಇದ್ದರೆ ತಿಳಿಸುವಿರಾ?