ಮಂಗಳೂರಿನಿಂದ ಪಶ್ಚಿಮ ಏಷ್ಯಾ ವಿಶ್ಲೇಷಣೆಯ ಕೆಲಸಕ್ಕೆ ದಾರಿ ಯಾವುದು?

ಬಂದರು ರಸ್ತೆ (ಪ್ರಶ್ನೆ)
ಮಂಗಳೂರಿನಲ್ಲಿ ಬಿ.ಎ. ಕೊನೆಯ ವರ್ಷ, ಇತಿಹಾಸ ಮತ್ತು ಅರ್ಥಶಾಸ್ತ್ರ. ವಿದೇಶಾಂಗ ನೀತಿ ವಿಶ್ಲೇಷಣೆಯನ್ನೇ ವೃತ್ತಿ ಮಾಡಿಕೊಳ್ಳುವ ಯೋಚನೆ ಇದೆ, ಅದರಲ್ಲೂ ಕೊಲ್ಲಿ ದೇಶಗಳದ್ದು. ಎಂ.ಎ.ಗೆ ಮಣಿಪಾಲ ಸಾಕೋ, ದೆಹಲಿಗೇ ಹೋಗಬೇಕೋ? ಅರೇಬಿಕ್ ಬೇಕೇ ಬೇಕೇ? ಥಿಂಕ್ ಟ್ಯಾಂಕ್‌ಗಳು (ನೀತಿ ಸಂಶೋಧನಾ ಸಂಸ್ಥೆಗಳು) ಕೇಳುವ ಬರಹದ ಮಾದರಿ ಹೇಗಿರಬೇಕು? ಯುಪಿಎಸ್‌ಸಿ ಬರೆ ಎಂಬ ಸಲಹೆ ಮನೆಯಲ್ಲೇ ಧಾರಾಳ ಸಿಗುತ್ತಿದೆ, ಇಲ್ಲಿ ಬೇಡ.

ಕಡಲಕರೆ
ಮಣಿಪಾಲದ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಸಾಕು. ದೆಹಲಿಯ ಜೆಎನ್‌ಯುನಲ್ಲಿ ಪಶ್ಚಿಮ ಏಷ್ಯಾಕ್ಕೇ ಪ್ರತ್ಯೇಕ ಕೇಂದ್ರವಿದೆ, ಶುಲ್ಕ ಕಡಿಮೆ, ಪ್ರವೇಶ ಸಿಯುಇಟಿ ಪಿಜಿ ಎಂಬ ರಾಷ್ಟ್ರೀಯ ಪ್ರವೇಶ ಪರೀಕ್ಷೆಯ ಮೂಲಕ. ಸೀಟು ಸಿಕ್ಕಿದರೆ ಹೋಗಿ, ಸಿಗಲಿಲ್ಲವೆಂದು ಒಂದು ವರ್ಷ ಕಳೆಯಬೇಡಿ.

ಆದರೆ ಬರೀ ಪ್ರದೇಶ ಹಿಡಿದರೆ ಕೆಲಸ ಸಿಗುವುದು ಕಷ್ಟ. ಕೊಲ್ಲಿಯ ಜೊತೆಗೆ ತೈಲವೋ, ಹಡಗು ವಿಮೆಯೋ, ವಲಸೆ ಕಾರ್ಮಿಕರ ಕಾನೂನೋ ಒಂದನ್ನು ಬುಡದಿಂದ ಓದಿ. ಸಾಮಗ್ರಿ ನಮ್ಮ ಊರಲ್ಲೇ ಬಿದ್ದಿದೆ ಮಾರಾಯ್ರೆ. ಕುದುರೆಮುಖದ ಅದಿರು ಯೋಜನೆಗೆ 1975ರಲ್ಲಿ ಷಾ ಆಡಳಿತದ ಇರಾನ್ 63 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತ್ತು. 1979ರ ಕ್ರಾಂತಿಯಾದ ಮೇಲೆ ಅದಿರು ಕೊಳ್ಳಬೇಕಾದವರೇ ಹಿಂದೆ ಸರಿದರು. ಮುಂದೆ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿಯಾಯಿತು. 2013ರಲ್ಲಿ ಆ ಆಮದಿಗೆ ಅಡ್ಡ ಬಂದದ್ದು ಮರುವಿಮೆ, ಅಂದರೆ ವಿಮಾ ಕಂಪನಿಗಳೇ ಮಾಡಿಸಿಕೊಳ್ಳುವ ವಿಮೆ: ಯುರೋಪಿನ ನಿರ್ಬಂಧಗಳಿಂದಾಗಿ ಇರಾನ್ ತೈಲ ಸಂಸ್ಕರಿಸುವ ರಿಫೈನರಿಗೆ ರಕ್ಷಣೆ ಕೊಡುವವರಿರಲಿಲ್ಲ. ಪಾವತಿಯ ಒಂದು ಪಾಲು ಯುಕೋ ಬ್ಯಾಂಕಿನ ರೂಪಾಯಿ ಖಾತೆಯ ಮೂಲಕ ನಡೆಯುತ್ತಿತ್ತು. 2019ರ ಮೇ ತಿಂಗಳಲ್ಲಿ ಇರಾನ್ ತೈಲದ ಮೇಲಿನ ನಿರ್ಬಂಧದಿಂದ ಅಮೆರಿಕ ಭಾರತಕ್ಕೆ ಕೊಟ್ಟಿದ್ದ ವಿನಾಯಿತಿ ಮುಗಿದಾಗ ಆಮದಿಗೇ ಬಾಗಿಲು ಬಿತ್ತು. ಸಚಿವರ ಭಾಷಣಗಳನ್ನಷ್ಟೇ ಓದಿದರೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ.

ಪಾದೂರು ಗುಡ್ಡೆ
ಅಂಕಿಅಂಶದಲ್ಲಿ ಎಡವುವವರೇ ಹೆಚ್ಚು, ಹಾಗಾಗಿ ಅದಷ್ಟನ್ನು ಹೇಳುತ್ತೇನೆ. ತೈಲ ಆಮದಿನ ಒಟ್ಟು ಪ್ರಮಾಣಕ್ಕೆ ಪೆಟ್ರೋಲಿಯಂ ಸಚಿವಾಲಯದ ಅಂಕಿಅಂಶ ಘಟಕ ಪಿಪಿಎಸಿ ನೋಡಿ. ಯಾವ ದೇಶದಿಂದ ಎಷ್ಟು ಎಂಬುದಕ್ಕೆ ವಾಣಿಜ್ಯ ಸಚಿವಾಲಯದ ದತ್ತಾಂಶ ಬೇಕು, ಕಚ್ಚಾತೈಲದ ಎಚ್‌ಎಸ್ ಕೋಡ್ (ವ್ಯಾಪಾರದ ಸರಕು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) 2709. ಅಲ್ಲಿ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್, ಕೊಲ್ಲಿ ದೇಶಗಳದ್ದು ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್. ಎರಡನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸಿದರೆ ನಿಮ್ಮ ಬರಹ ಅಲ್ಲಿಗೇ ಮುಗಿಯಿತು. ನಮ್ಮ ಆಮದಿನ ಮೌಲ್ಯದಲ್ಲಿ ಸಾಗಣೆ ಮತ್ತು ವಿಮೆ ಸೇರಿರುತ್ತದೆ, ಅವರ ರಫ್ತಿನ ಲೆಕ್ಕದಲ್ಲಿ ಇರುವುದಿಲ್ಲ. ದುಬೈ ಮೂಲಕ ಮರುರಫ್ತಾಗುವ ಸರಕು ಇನ್ನೊಂದು ತೊಡಕು.

ಶಸ್ತ್ರಾಸ್ತ್ರದ ವಿಷಯಕ್ಕೆ ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ದತ್ತಾಂಶ ಬಳಸುವವರು ಅದರ ಟಿಐವಿ ಅಂಕಿಯನ್ನು ಡಾಲರ್ ಬೆಲೆ ಎಂದು ಬರೆದುಬಿಡುತ್ತಾರೆ. ಅದು ಸಾಮರ್ಥ್ಯದ ಅಳತೆ, ಕೊಟ್ಟ ಹಣವಲ್ಲ. ಸಂಸತ್ತಿನ ಪ್ರಶ್ನೋತ್ತರ ಮತ್ತು ವಿದೇಶಾಂಗ ಸ್ಥಾಯಿ ಸಮಿತಿಯ ವರದಿಗಳು ಉಚಿತ, ಆದರೂ ಓದುವವರು ಕಡಿಮೆ.

ಉಳ್ಳಾಲ ತೀರ
ಅರೇಬಿಕ್ ಇಲ್ಲದೆ ತೈಲ, ವ್ಯಾಪಾರದ ಬಗ್ಗೆ ಬರೆಯಬಹುದು. ಆಂತರಿಕ ರಾಜಕೀಯದ ಬಗ್ಗೆ ಬರೆಯಲು ಹೋದರೆ ಬೇರೆಯವರು ಇಂಗ್ಲಿಷಿಗೆ ತಂದದ್ದನ್ನೇ ಮತ್ತೆ ಅರೆಯುತ್ತೀರಿ. ಅಮೆರಿಕದ ವಿದೇಶಾಂಗ ಸೇವೆ ತನ್ನವರಿಗೆ ಅರೇಬಿಕ್‌ಗೆ ಸುಮಾರು 2,200 ತರಗತಿ ಗಂಟೆ, ಪರ್ಷಿಯನ್‌ಗೆ 1,100 ಗಂಟೆ ಇಟ್ಟುಕೊಳ್ಳುತ್ತದೆ. ಸಮಯ ಕಡಿಮೆ ಇದ್ದು ಇರಾನ್ ಕಡೆ ಒಲವಿದ್ದರೆ ಪರ್ಷಿಯನ್ ಲಾಭದ ಬಾಬತ್ತು. ಮದರಸಾದಲ್ಲಿ ಕುರಾನ್ ಓದಲು ಕಲಿತವರಿಗೆ ಲಿಪಿಯ ತೊಂದರೆ ಇಲ್ಲ, ಆದರೆ ಪತ್ರಿಕೆಯ ಅರೇಬಿಕ್ ಬೇರೆಯೇ ಕಲಿಯಬೇಕು.

ಬಂದರು ರಸ್ತೆ
ಬರಹದ ಮಾದರಿಗೆ ಎಂ.ಎ. ಪ್ರಬಂಧದ ಒಂದು ಅಧ್ಯಾಯ ಕೊಟ್ಟರೆ ಆಗದೇ?

ಕಡಲಕರೆ
ಕೊಡಬೇಡಿ. ಸಿದ್ಧಾಂತದ ಪೀಠಿಕೆ ಮುಗಿಯುವಷ್ಟರಲ್ಲಿ ಓದುವವರು ಮುಂದಿನ ಅರ್ಜಿಗೆ ಹೋಗಿರುತ್ತಾರೆ. 1,500 ಪದಗಳ ಟಿಪ್ಪಣಿಯೊಂದನ್ನು ಹೊಸದಾಗಿ ಬರೆಯಿರಿ. ಪ್ರಶ್ನೆ ಇಕ್ಕಟ್ಟಾಗಿರಲಿ: ಕೊಲ್ಲಿಯ ತೈಲ ಹಡಗುಗಳು ಹಾದುಬರುವ ಹೊರ್ಮುಜ್ ಜಲಸಂಧಿ 30 ದಿನ ಮುಚ್ಚಿದರೆ ಮಂಗಳೂರು, ಪಾದೂರಿನ ತುರ್ತು ದಾಸ್ತಾನಿನ ಭೂಗತ ತೈಲ ಗುಹೆಗಳು ಎಷ್ಟು ಆಸರೆ? ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ, ವಿಶಾಖಪಟ್ಟಣ ಸೇರಿ 53.3 ಲಕ್ಷ. ಇದು ಸಾಮರ್ಥ್ಯ, ಒಳಗಿರುವ ದಾಸ್ತಾನಲ್ಲ. ಆ ವ್ಯತ್ಯಾಸ ಹಿಡಿದರೇ ಅರ್ಧ ಗೆದ್ದಂತೆ. ದೇಶದ ಅಗತ್ಯಕ್ಕೆ ಸುಮಾರು 9.5 ದಿನ ಸಾಕು ಎಂದು ಸರ್ಕಾರ ಹೇಳುವ ಲೆಕ್ಕವೂ ಎಲ್ಲ ಗುಹೆ ತುಂಬಿದ್ದಾಗಿನದು. ಮಂಗಳೂರಿನಲ್ಲಿ 2018ರಿಂದ ಅಬುಧಾಬಿಯ ಸರ್ಕಾರಿ ತೈಲ ಕಂಪನಿ ಅಡ್ನಾಕ್ ಕೂಡ ತೈಲ ಇಟ್ಟಿದೆ, ಬಿಕ್ಕಟ್ಟಿನಲ್ಲಿ ಅದರ ಮೇಲೆ ಮೊದಲ ಹಕ್ಕು ಯಾರದು ಎಂಬುದನ್ನೂ ಎತ್ತಿ.

ತೀರ್ಪು ಮೊದಲ ಪ್ಯಾರಾದಲ್ಲೇ ಬರಲಿ. "ಸಾಧ್ಯತೆ ಇದೆ" ಎಂದು ಜಾರಿಕೊಳ್ಳದೆ ನೂರಕ್ಕೆ 60ರಿಂದ 70 ಎಂದು ಬರೆಯಿರಿ, ಏನಾದರೆ ಆ ಅಂದಾಜು ಬದಲಾಗುತ್ತದೆ ಎಂಬುದನ್ನೂ ಸೇರಿಸಿ. ಅದನ್ನು ಥಿಂಕ್ ಟ್ಯಾಂಕ್‌ಗಳಾದ ದೆಹಲಿಯ ಎಂಪಿ-ಐಡಿಎಸ್‌ಎ, ಒಆರ್‌ಎಫ್, ಮುಂಬಯಿಯ ಗೇಟ್‌ವೇ ಹೌಸ್, ಬೆಂಗಳೂರಿನ ತಕ್ಷಶಿಲಾಕ್ಕೆಲ್ಲ ಒಂದೇ ಪ್ರತಿ ಕಳಿಸಬೇಡಿ. ಆಯಾ ಸಂಸ್ಥೆ ಈಚೆಗೆ ಏನು ಪ್ರಕಟಿಸಿದೆ ನೋಡಿ ತಿದ್ದಿ.

ಪಾದೂರು ಗುಡ್ಡೆ
ಒಂದು ಮಾತು ಬಿಟ್ಟುಹೋಯಿತು. ರಿಸರ್ಚ್ ಅಸಿಸ್ಟೆಂಟ್ ಹುದ್ದೆಗಳು ಹೆಚ್ಚಾಗಿ ಗುತ್ತಿಗೆಯವು, ಅದಕ್ಕಿಂತ ಮೇಲಿನ ಸಂಶೋಧಕ ಹುದ್ದೆಯಾದ ಫೆಲೋ ಆಗಲು ಸಾಮಾನ್ಯವಾಗಿ ಪಿಎಚ್‌ಡಿ ಕೇಳುತ್ತಾರೆ. ಎಂ.ಎ. ಮುಗಿಯುವಾಗಲೇ ಯುಜಿಸಿಯ ನೆಟ್ ಅರ್ಹತಾ ಪರೀಕ್ಷೆ ಬರೆದುಬಿಡಿ. ಅದರ ಮೂಲಕ ಜೆಆರ್‌ಎಫ್ (ಪಿಎಚ್‌ಡಿ ಸಂಶೋಧನೆಯ ಫೆಲೋಶಿಪ್) ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆಬಾಡಿಗೆ ಭತ್ಯೆ. ಸಂಶೋಧನೆ ಬೇಡವಾದರೆ ಹಡಗು ವಿಮೆ, ತೈಲ ವ್ಯಾಪಾರ, ರಾಜಕೀಯ ಅಪಾಯ ಅಳೆಯುವ ಕನ್ಸಲ್ಟೆನ್ಸಿಗಳಲ್ಲೂ ಇದೇ ಕೌಶಲಕ್ಕೆ ಕೆಲಸವಿದೆ. ಅಲ್ಲಿ ಟಿಪ್ಪಣಿ ಎರಡು ಪುಟ ಮೀರಬಾರದು.